ಆನೆ ಅಂದ್ರ ಫ್ಯಾನು | ಕತ್ತರಿ-ಅಂಟು ಸರಣಿ, ಭಾಗ 4

ಫೋಟೋ ಝೂಮ್ ಮಾಡಿ ನೋಡ್ರಿ. ನಮ್ಮ ಪಡಸಾಲಿ ಸ್ವಿಚ್‌ಬೋರ್ಡ್ ಮೇಲೆ ಇರೋ ಆನೆ ಮದುವಿ ಕಾರ್ಡಿಂದ ಕತ್ತರಿಸಿದ್ದು. ಹಿಂಗ ಕಾಗದ ಕತ್ತರಿಸಿ, ಅಂಟಿಸಿ, ಮೇಲೆ ವಾರ್ನಿಶ್ ಹಚ್ಚೋದಕ್ಕೆ ಡಿಕೂಪಾಜ್ ಅಂತಾರೆ. ‘ಕತ್ತರಿಸು’ ಅನ್ನೋ ಫ್ರೆಂಚ್ ಪದದಿಂದ ಬಂದ ಹೆಸರು.

18ನೇ ಶತಮಾನದಲ್ಲಿ ಇಟಲಿಯ ವೆನಿಸ್‌ನಲ್ಲಿ ಚೀನಾ, ಜಪಾನಿನ ಅರಗಿನ ಹೊಳಪಿನ ಕಪಾಟು-ಪೆಟ್ಟಿಗೆಗೆ ಭಾರಿ ಬೇಡಿಕೆ, ಭಾರಿ ರೇಟು. ಅಲ್ಲಿನ ಕುಶಲಕರ್ಮಿಗಳು ಅಚ್ಚಾದ ಚಿತ್ರಗಳನ್ನ ಕತ್ತರಿಸಿ ಮರಕ್ಕೆ ಅಂಟಿಸಿ, ಪದರ ಪದರ ವಾರ್ನಿಶ್ ಕೊಟ್ಟು ಅಂಥದೇ ಹೊಳಪು ತಂದರು. ಅದಕ್ಕೆ ‘ಲಾಕ್ಕಾ ಪೋವೆರಾ’ ಅಂತ ಹೆಸರು, ಅಂದ್ರೆ ಬಡವರ ಅರಗು. ನಮ್ಮ ಜಿಲ್ಲೆಯವರಿಗೆ ಈ ಜಾಣತನ ಹೊಸದೇನಲ್ಲ. ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ಬಂಗಾರದಂಥ ಹೊಳಪು ತರೋದು ತವರದಿಂದ.

ಆದ್ರ ನಮ್ಮ ಮನ್ಯಾಗ ಬೇಕಾಗಿದ್ದು ಹೊಳಪಲ್ಲ, ಗುರುತು. ಅಜ್ಜಿ ಶಾಲಿ ಮೆಟ್ಟಿಲು ಹತ್ತಿಲ್ಲ. ಬೋರ್ಡಿನ ನಾಲ್ಕೂ ಸ್ವಿಚ್ ನೋಡಾಕ ಒಂದೇ ತರ. ‘ಫ್ಯಾನ್’, ‘ಲೈಟ್’ ಅಂತ ಬರೆದು ಅಂಟಿಸಿದ್ರೂ ಆಕಿಗೆ ಉಪಯೋಗ ಇಲ್ಲ. ಒಂದೊಂದೇ ಒತ್ತಿ ನೋಡುವಾಗ ಯಾರಾದ್ರೂ ನಕ್ಕರೆ ಕೈ ಹಿಂದಕ್ಕ ತಗೊಂಡುಬಿಡೋಳು. ಎಲ್ಲರೂ ಹೊಲಕ್ಕೆ, ಕಾಲೇಜಿಗೆ ಹೋದ ಮೇಲೆ ಫ್ಯಾನಿಲ್ಲದೇ ಕೂತಿರೋಳು. ನಮ್ಮ ಕಡೆ ಬ್ಯಾಸಗಿ ನಿಮಗ ಗೊತ್ತಲ್ಲ! ಕೇಳಿದ್ರೆ, “ನನಗೇನ್ ಸೆಕಿ ಆಗಂಗಿಲ್ಲ ತಗೋ ತಂಗಿ” ಅನ್ನೋಳು.

ಅದಕ್ಕ ಚಿತ್ರ ಆರಿಸೋ ಕೆಲಸ ಆಕಿಗೇ ಕೊಟ್ಟೆ. ಟ್ರಂಕಿನ್ಯಾಗಿನ ಹಳೇ ಕಾರ್ಡೆಲ್ಲ ಹರವಿಕೊಂಡು ಕೂತೆವು. “ದೇವರ ಚಿತ್ರಕ್ಕ ಕತ್ತರಿ ಹಚ್ಚಬ್ಯಾಡ್ರಿ” ಅಂದ್ಲು ಅವ್ವ. ಸರಿ, ಗಣಪ್ಪನ್ನ ಬಿಟ್ಟೆವು. ದೀಪ ಟ್ಯೂಬ್‌ಲೈಟಿಗೆ. ತೋರಣ ಬಾಗಿಲ ಹೊರಗಿನ ಬಲ್ಬಿಗೆ. ಫ್ಯಾನಿಗೆ ನಾನು ಹೂವು ಅಂದೆ. ಅಜ್ಜಿ ಆನೆ ಎತ್ತಿಕೊಂಡ್ಲು: “ಕಿವಿ ಬೀಸತೈತಲ್ಲ!” ದಸರಾಕ್ಕೆ ಆನೆ ಅಂಬಾರಿ ನೋಡೋ ಹೇಮಗುಡ್ಡದವರಿಗೆ ಬ್ಯಾರೆ ಏನು ಹೊಳೀತೈತಿ ಹೇಳ್ರಿ? ನಾಲ್ಕನೇದು ಪ್ಲಗ್ಗಿನ ಸ್ವಿಚ್. ಅದರ ಮೇಲೆ ಏನೂ ಇಲ್ಲ, ಖಾಲಿ ಇರೋದೇ ಅದರ ಗುರುತು.

ಮಾಡೋರಿಗೆ:
• ಮೊದಲು ಮೇನ್ ಆಫ್. ಸ್ಪಾರ್ಕ್ ಆಗೋ, ಬಿಸಿ ಆಗೋ ಸ್ವಿಚ್ ಇದ್ರೆ ಕಾಗದ ಬ್ಯಾಡ, ಎಲೆಕ್ಟ್ರಿಷಿಯನ್ ಕರೀರಿ.
• ಒಣ ಬಟ್ಟೆಯಿಂದ ಜಿಡ್ಡು ಒರೆಸಿ, ಅಂಟಿಸೋ ಜಾಗಕ್ಕೆ ಮಾತ್ರ ನುಣುಪು ಸ್ಯಾಂಡ್ ಪೇಪರ್ ಆಡಿಸ್ರಿ. ಅಂಟು ಹಿಡೀತೈತಿ.
• ಕಾರ್ಡ್ ದಪ್ಪ ಇದ್ರೆ ಹಿಂದಿನ ಪದರ ಸುಲಿದು ತೆಳ್ಳಗ ಮಾಡಿಕೊಳ್ರಿ. ಇಲ್ಲಾಂದ್ರೆ ಅಂಚು ಏಳತಾವ.
• ಫೆವಿಕಾಲ್ ತೆಳ್ಳಗೆ ಕಾಗದಕ್ಕೆ ಹಚ್ಚಿ, ಬೋರ್ಡಿಗೆ ಸುರೀಬ್ಯಾಡ್ರಿ. ನಡುವಿನಿಂದ ಅಂಚಿನ ಕಡೆ ಒತ್ತಿ ಗಾಳಿ ಹೊರಗ ಹಾಕ್ರಿ.
• ಚಿತ್ರ ಸ್ವಿಚ್ಚಿನ ಮೇಲಿನ ಖಾಲಿ ಜಾಗದಾಗಷ್ಟೇ. ಬಟನ್, ಪ್ಲಗ್ಗಿನ ತೂತು, ಸ್ಕ್ರೂ ಮುಟ್ಟಬಾರದು.
• ಒಣಗಿದ ಮೇಲೆ ತೆಳ್ಳಗ ಮೂರು ಕೋಟ್ ವಾರ್ನಿಶ್. ಒಂದು ಒಣಗದೇ ಇನ್ನೊಂದು ಬ್ಯಾಡ. ಎಲ್ಲಾ ಪೂರ್ತಿ ಒಣಗಿದ ಮೇಲೇ ಮೇನ್ ಆನ್.

ಬಿಕಾಂ ಲೆಕ್ಕ ಹೇಳಬೇಕಂದ್ರೆ: ಕಾರ್ಡ್, ಕತ್ತರಿ, ಫೆವಿಕಾಲ್ ಮನ್ಯಾಗ ಇದ್ವು. ಖರ್ಚಾಗಿದ್ದು ವಾರ್ನಿಶ್, ಸ್ಯಾಂಡ್ ಪೇಪರಿಗೆ ಮಾತ್ರ. ಈಗ ಕಾಲೇಜಿಂದ ಬರೋ ಹೊತ್ತಿಗೆ ಫ್ಯಾನ್ ತಿರುಗತಿರತೈತಿ. ಅಜ್ಜಿ ಯಾರನ್ನೂ ಕೇಳಿರಂಗಿಲ್ಲ.

ನಿಮ್ಮ ಮನ್ಯಾಗೂ ಅಕ್ಷರ ಬಾರದ ಹಿರಿಯರು ಇದ್ರೆ ಮಾಡಿಕೊಡ್ರಿ. ಆದ್ರ ಚಿತ್ರ ನೀವು ಆರಿಸಬ್ಯಾಡ್ರಿ, ಅವರಿಗೇ ಬಿಡ್ರಿ. ಅವರು ಏನು ಆರಿಸಿದ್ರು ಅಂತ ಕಾಮೆಂಟ್‌ನಾಗ ಹೇಳ್ರಿ.

#ಕತ್ತರಿಅಂಟು #ಹೇಮಗುಡ್ಡ