ಬೇಯದ ಬೇಳೆ

1994ರಲ್ಲಿ ತೀರ್ಥಹಳ್ಳಿಯಿಂದ ವರ್ಗವಾಗಿ ಮದರಾಸಿನ ಅಂಚಿನ ತಾಂಬರಂಗೆ ಬಂದೆವು. ಮೊದಲ ದಿನವೇ ಕುಕ್ಕರ್ ಎಂಟು ಸಲ ಕೂಗಿದರೂ ತೊಗರಿಬೇಳೆ ಬೇಯಲಿಲ್ಲ. "ಬೇಳೆ ಹಳೇದು ಕಣ್ರೀ" ಎಂದಳು ನನ್ನಾಕೆ. ತಪ್ಪು ಬೋರ್‌ವೆಲ್ ನೀರಿನದು. ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 700 ಮಿಲಿಗ್ರಾಂ ಬಂತು; ಈಗಿನ ಭಾರತೀಯ ಮಾನಕದಂತೆ 200 ಮೀರಬಾರದು, ಬೇರೆ ಗತಿಯಿಲ್ಲದಿದ್ದರೆ 600. ಅಂದರೆ ನಮ್ಮದು ಓವರ್‌ಡ್ರಾಫ್ಟ್!

ಅಮ್ಮ ಬಂದವರು ನಾಲ್ಕೇ ದಿನಕ್ಕೆ ಗಂಟು ಕಟ್ಟಿದರು. "ತುಂಗೆ ಕುಡಿದ ಬಾಯಿ ಕಣೋ, ಈ ನೀರು ನಂಗೆ ಒಗ್ಗಲ್ಲ." ಅವರ ಮುಂದೆ ನನ್ನ ಬೇಳೆಯೂ ಬೇಯಲಿಲ್ಲ.

2003ರ ಮಾರ್ಚ್ ಕೊನೆಯಲ್ಲಿ ಊರಿಂದ ಫೋನ್ ಬಂದಾಗ ನಾನು ವರ್ಷಾಂತ್ಯದ ಲೆಕ್ಕದಲ್ಲಿ ಮುಳುಗಿದ್ದೆ. ತಲುಪುವಷ್ಟರಲ್ಲಿ ಪಕ್ಕದ ಮನೆಯವರೇ ಅಮ್ಮನ ಬಾಯಿಗೆ ತುಂಗೆಯ ನೀರು ಬಿಟ್ಟಾಗಿತ್ತು.

ಮನೆಗೆ ಆರ್‌ಒ ಬಂದದ್ದು ಆಮೇಲೆ. ಬೇಳೆ ಈಗ ಮೂರೇ ಕೂಗಿಗೆ ಬೇಯುತ್ತದೆ.