ಮಜ್ಜಿಗೆಯ ಮಾರ್ದವ

ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಕಾಡಂಚಿನಲ್ಲಿ ಎಮ್ಮೆಗಳನ್ನು ಸಾಕಿ ಬಾಳುವ ಗೌಳಿಗರ ವಾಡಗಳುಂಟು. ಅಲ್ಲಿಯ ಹಾಲು ಪೇಟೆಯ ಮನೆಗಳನ್ನು ಸೇರಿ, ರಾತ್ರಿ ಹೆಪ್ಪುಗೊಂಡು, ಕಡೆಗೋಲಿಗೆ ಸಿಕ್ಕಿ ಬೆಣ್ಣೆಯೂ ಮಜ್ಜಿಗೆಯೂ ಆಗುವುದು. ಬೆಣ್ಣೆಗಿರುವ ಮಾನವು ಮಜ್ಜಿಗೆಗಿಲ್ಲ. ಆದರೂ ಹಳಿಯಾಳದ ಒಂದು ಮನೆಯ ವೃದ್ಧೆಯು, ಕಡೆದು ಮುಗಿದೊಡನೆ ಕೈಗೆ ಹತ್ತಿದ ಮಜ್ಜಿಗೆಯನ್ನು ಮೊಣಕೈಗೂ ಮೊಣಕಾಲಿಗೂ ಸವರಿಕೊಂಡು, ತುಸು ಹೊತ್ತು ಬಿಟ್ಟು ಸ್ನಾನಕ್ಕೆ ಹೋಗುವ ರೂಢಿಯನ್ನು ಐವತ್ತು ವರ್ಷಗಳಿಂದ ತಪ್ಪಿಸಿದವಳಲ್ಲ. ಕಾರಣ ಕೇಳಿದವರಿಗೆ, “ನಮ್ಮ ಅತ್ತಿಯವರು ಹಿಂಗ ಮಾಡತಿದ್ದರು” ಎಂಬುದೇ ಆಕೆಯ ಉತ್ತರ.

ಅತ್ತೆಯವರು ಹೇಳದೆ ಬಿಟ್ಟ ಕಾರಣವನ್ನು ರಸಾಯನಶಾಸ್ತ್ರವು ಹೇಳುತ್ತದೆ. ಹೆಪ್ಪಿನಲ್ಲಿಯ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯಿಂದ ಒಂದು ಹುಳಿಯನ್ನು ಹುಟ್ಟಿಸುತ್ತವೆ. 1780ರಲ್ಲಿ ಸ್ವೀಡನ್ ದೇಶದ ಕಾರ್ಲ್ ವಿಲ್ಹೆಲ್ಮ್ ಶೀಲೆ ಎಂಬ ಪಂಡಿತನು ಹುಳಿತ ಹಾಲಿನಿಂದ ಬೇರ್ಪಡಿಸಿದ ಈ ವಸ್ತುವೇ ಲ್ಯಾಕ್ಟಿಕ್ ಆಮ್ಲ, ಎಂದರೆ ದುಗ್ಧಾಮ್ಲ. ತ್ವಚೆಯ ಮೇಲ್ಪದರವು ಸತ್ತ ಕಣಗಳದು. ಅಡಿಯಿಂದ ಹೊಸವು ಮೇಲೇರಿ ಬಂದಂತೆ ಹಳೆಯವು ಉದುರುವುದು ಪ್ರಕೃತಿಧರ್ಮ. ಉದುರಬೇಕಾದವು ಒಂದಕ್ಕೊಂದು ಅಂಟಿ ನಿಂತಾಗ ಚರ್ಮವು ಒರಟಾಗುತ್ತದೆ. ವಾಗ್ಭಟನ ಅಷ್ಟಾಂಗಹೃದಯವು ದಿನಚರ್ಯೆಯಲ್ಲಿ ಹೇಳುವ ಉದ್ವರ್ತನವು ಮೈಯನ್ನು ತಿಕ್ಕುವ ಕ್ರಮ. ದುಗ್ಧಾಮ್ಲದ್ದು ತಿಕ್ಕದೆಯೇ ಆ ಅಂಟನ್ನು ಸಡಿಲಿಸುವ ಕ್ರಮ. ಅದರ ಅಣುವು ಕಬ್ಬಿನಲ್ಲಿ ದೊರೆಯುವ ಗ್ಲೈಕಾಲಿಕ್ ಆಮ್ಲದ ಅಣುವಿಗಿಂತ ದೊಡ್ಡದಾದುದರಿಂದ ಒಳಹೋಗುವುದು ನಿಧಾನ. ಚರ್ಮವು ತನ್ನ ತೇವವನ್ನು ಕಾದುಕೊಳ್ಳುವ ದ್ರವ್ಯಗಳಲ್ಲಿಯೂ ಅದು ಸೇರಿರುವುದರಿಂದ ದೇಹಕ್ಕೆ ಪರಕೀಯವಲ್ಲ. 1974ರಲ್ಲಿ ಅಮೆರಿಕದ ವ್ಯಾನ್ ಸ್ಕಾಟ್ ಮತ್ತು ಯೂ ಎಂಬ ವಿಜ್ಞಾನಿಗಳು, ಮೈಯೆಲ್ಲ ಮೀನಿನ ಹುರುಪೆಯಂತಾಗುವ ರೋಗಕ್ಕೆ ಈ ವರ್ಗದ ಆಮ್ಲಗಳು ಉಪಕಾರಿಯೆಂದು ಪ್ರಕಟಿಸಿದರು. ಕಾಲಕ್ರಮದಲ್ಲಿ ಅವು ಅಂಗಡಿಯ ಸೀಸೆಗಳನ್ನೂ ಸೇರಿದವು.

ಅಂಥದೊಂದು ಸೀಸೆಯು ಆ ಮನೆಯನ್ನೂ ಹೊಕ್ಕಿತು. ವೃದ್ಧೆಯ ಮೊಮ್ಮಗಳಿಗೆ ಲಗ್ನ ನಿಶ್ಚಯವಾಗಿತ್ತು. ನೋಡಬಂದವರಲ್ಲೊಬ್ಬರು, ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ತುಸು ಕಡಿಮೆ ಎಂದಿದ್ದ ಮಾತು ಅವಳ ಮನದಲ್ಲಿ ಮುಳ್ಳಿನಂತೆ ನೆಟ್ಟಿತ್ತು. ದಾಂಡೇಲಿಯ ಪೇಟೆಯಿಂದ ತೀಕ್ಷ್ಣವಾದ ದ್ರಾವಣವನ್ನು ತಂದು, ವಾರಕ್ಕೊಮ್ಮೆ ಸಾಕಾಗುವುದನ್ನು ಪ್ರತಿರಾತ್ರಿ ಹಚ್ಚಿದಳು. ಹಗಲು ಮುಂಡಗೋಡದ ನಂಟರ ಮನೆಗಳಿಗೆ ಕರೆಯಲು ಬಿಸಿಲಿನಲ್ಲಿ ತಿರುಗಿದಳು. ಹತ್ತು ದಿನಗಳಲ್ಲಿ ಕೆನ್ನೆಗಳು ಕೆಂಪೇರಿ ಉರಿದವು. ಉರಿ ಆರಿದಲ್ಲಿ ಮೊದಲಿಗಿಂತ ಕಪ್ಪಾದ ಕಲೆಗಳು ನಿಂತವು.

ವೃದ್ಧೆಯು ಮೊಮ್ಮಗಳ ಗಲ್ಲವನ್ನೆತ್ತಿ ನೋಡಿ, “ಹುಳಿ ಹೆಚ್ಚಾದರ ಸಾರೂ ಕೆಡತದ ತಂಗಿ, ಮಾರಿ ಕೆಡೂದಿಲ್ಲೇನು?” ಎಂದಳು.

ಆ ಮಾತಿನಲ್ಲಿ ಶಾಸ್ತ್ರವಿತ್ತು. ಮಜ್ಜಿಗೆಯಲ್ಲಿ ಈ ಆಮ್ಲವು ನೂರರಲ್ಲಿ ಒಂದು ಭಾಗದ ಆಸುಪಾಸು. ಮನೆಯಲ್ಲಿ ಬಳಸುವ ಲೇಪಗಳಲ್ಲಿ ಸಾಮಾನ್ಯವಾಗಿ 5ರಿಂದ 10 ಭಾಗ. ಅದಕ್ಕೂ ಮೇಲಿನದು ವೈದ್ಯನ ಕೈಯಲ್ಲಿರತಕ್ಕದ್ದು. ಆಮ್ಲ ತಾಗಿದ ಚರ್ಮವು ಬಿಸಿಲನ್ನು ಸಹಿಸದು. ನಮ್ಮ ನಾಡಿನ ಕಂದು ಚರ್ಮವಂತೂ ಗಾಸಿಗೊಂಡರೆ ಇನ್ನಷ್ಟು ಬಣ್ಣವನ್ನೇ ಸುರಿಸುತ್ತದೆ. ಮಜ್ಜಿಗೆಯೂ ನಿರಪಾಯವೆನ್ನುವಂತಿಲ್ಲ: ಅದರ ಹುಳಿ ದಿನಕ್ಕೊಂದು ಪ್ರಮಾಣ, ಗಾಯಕ್ಕೆ ಅದು ಸಲ್ಲದು.

ಹಳಿಯಾಳದ ಸಂತೆಯಲ್ಲಿ ಗೌಳಿಗರು, ಸಿದ್ದಿಗಳು, ಕುಣಬಿಗಳು ಒಂದೇ ಬೀದಿಯಲ್ಲಿ ನಡೆಯುತ್ತಾರೆ. ಅವರವರ ಮೈಬಣ್ಣವು ತ್ವಚೆಯ ಆಳದ ಜೀವಕಣಗಳ ಕಾರ್ಯ. ದುಗ್ಧಾಮ್ಲವು ಮೇಲಣ ಸತ್ತುದನ್ನು ಕಳಚಬಲ್ಲುದೇ ಹೊರತು ಹುಟ್ಟಿದ ಬಣ್ಣವನ್ನು ಕಳಚಲಾರದು. ಸತ್ತುದಕ್ಕೆ ಮೃದುವಾಗಿರುವ ವಸ್ತುವು, ಜೀವಂತವಾದುದನ್ನು ತೊಡೆಯಹೊರಟವರಿಗೆ ಬೆಂಕಿಯಾಗುತ್ತದೆ.

ವೈದ್ಯರ ಮಾತಿನಂತೆ ಸೀಸೆಯು ಕಸವನ್ನು ಸೇರಿತು. ಲಗ್ನದ ದಿನ ಕಲೆಗಳು ಅರ್ಧ ಮಾಸಿದ್ದವು. ವರನು ಅವುಗಳ ಮಾತೆತ್ತಲಿಲ್ಲ. ಹೊರಡುವ ಮುಂಜಾನೆ ಮೊಮ್ಮಗಳು ತಾನಾಗಿ ಅಜ್ಜಿಯ ಬಳಿ ಕುಳಿತು, ಕಡೆದ ಮಜ್ಜಿಗೆಯನ್ನು ಬೊಗಸೆಯಲ್ಲಿ ಹಿಡಿದು ಮೊಣಕೈಗೆ ಸವರಿಕೊಂಡಳು, ಮುಖಕ್ಕೆ ಮುಟ್ಟಿಸಲಿಲ್ಲ.