ಲೇಶ್ಯಾವೃಕ್ಷದ ಮೊದಲನೆಯವನು

ಲೇಶ್ಯಾವೃಕ್ಷದ ಚಿತ್ರವನ್ನು ಕಾಣದ ಜೈನ ಮನೆತನ ವಿರಳ. ಹಸಿದ ಆರು ಜನ ನೇರಳೆಯ ಮರವೊಂದನ್ನು ಕಾಣುತ್ತಾರೆ. ಹಣ್ಣಿಗಾಗಿ ಮೊದಲನೆಯವನು ಬುಡವನ್ನೇ ಕಡಿಯಬಯಸುತ್ತಾನೆ. ಎರಡನೆಯವನು ದೊಡ್ಡ ಕೊಂಬೆಯನ್ನು, ಮೂರನೆಯವನು ರೆಂಬೆಯನ್ನು, ನಾಲ್ಕನೆಯವನು ಗೊಂಚಲನ್ನು, ಐದನೆಯವನು ಹಣ್ಣನ್ನಷ್ಟೇ. ಆರನೆಯವನಿಗೆ ನೆಲಕ್ಕೆ ಉದುರಿದ್ದೇ ಸಾಕು. ಕೃಷ್ಣದಿಂದ ಶುಕ್ಲದವರೆಗೆ ಆತ್ಮಭಾವದ ಆರು ಬಣ್ಣಗಳಿವು. ಶ್ರವಣಬೆಳಗೊಳದ ಜೈನಮಠದ ಭಿತ್ತಿಯ ಮೇಲೂ ಈ ವೃಕ್ಷವಿದೆ.

ಹುಕ್ಕೇರಿ ತಾಲೂಕಿನ ನಮ್ಮೂರ ಬಸದಿಯ ಸಭಾಭವನದಲ್ಲಿ ಇದನ್ನು ಬರೆಯಿಸಲು ಗೋಕಾಕದ ತರುಣ ಕಲಾವಿದನೊಬ್ಬನನ್ನು ಕರೆಸಿದೆವು. ಅವನು ಬರೆದ ಮೊದಲನೆಯವನ ಕೈಯಲ್ಲಿ ಕೊಡಲಿಯಿರಲಿಲ್ಲ. ಲೇಖನಿಯಿತ್ತು, ಮುಂದೆ ಠರಾವಿನ ಪುಸ್ತಕವಿತ್ತು.

“ಇದೇನಪಾ?” ಎಂದೆ.

“ಈಗ ಗಿಡಕ್ಕ ಮೊದಲ ಏಟು ಬೀಳೂದು ಸಹಿಯಿಂದ ಅಲ್ರೀ, ಅಜ್ಜಾರ?”

ಅವನಿಗೆ ತಿಳಿದಿರಲಿಲ್ಲ: ಆ ಭವನ ನಿಂತಿರುವುದು ಹಳೆಯ ಬೇವಿನ ಮರವಿದ್ದ ಜಾಗದಲ್ಲಿ. ಕಡಿಯುವ ಠರಾವಿಗೆ ನಾನೂ ಸಹಿ ಹಾಕಿದ್ದೆ.

ಭವನ ಬೇಡವಾಗಿತ್ತೆಂದಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ಮೂಡಲಗಿ ಕಡೆಯ ನಮ್ಮ ಬಂಧುಗಳು ತಂಗಿದ್ದು ಅಲ್ಲಿಯೇ. ಆದರೆ ನಕ್ಷೆಯನ್ನು ಹತ್ತಡಿ ಸರಿಸಿದ್ದರೆ ಮರವೂ ಉಳಿಯುತ್ತಿತ್ತು. ಸರಿಸಬಹುದೇ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಚಿತ್ರದ ಆರೂ ಜನರು ಹಸಿದವರೇ. ಹಸಿವು ದೋಷವಲ್ಲ, ಅದಕ್ಕಾಗಿ ಎಷ್ಟನ್ನು ಕೆಡಹುತ್ತೇವೆಂಬುದನ್ನು ವಿಚಾರಿಸದಿರುವುದು ದೋಷ.

ಲೇಖನಿಯನ್ನು ಅಳಿಸಿ ಕೊಡಲಿಯನ್ನೇ ಬರೆಯಿಸಬೇಕೆಂದು ಕೆಲವು ಸದಸ್ಯರು ಅಂದರು. ಬೇವಿನ ಸಂಗತಿಯನ್ನು ನೆನಪಿಸಿ, ಹಾಗೆಯೇ ಇರಲೆಂದು ಕೈಮುಗಿದು ಕೇಳಿಕೊಂಡೆ. ಇಂದು ನಮ್ಮ ಸಭೆಗಳು ಆ ಚಿತ್ರದ ಎದುರಿಗೇ ನಡೆಯುತ್ತವೆ. ಸಹಿ ಹಾಕುವ ಮುನ್ನ ನಾನೊಮ್ಮೆ ತಲೆಯೆತ್ತಿ ನೋಡುತ್ತೇನೆ.